ಫೋನಿಗೆ ವೈಫೈ ಬರುತ್ತಿದೆ, ಕಂಪ್ಯೂಟರ್‌ಗೆ ವೈರ್‌ನಲ್ಲಿ ನೆಟ್ ಇಲ್ಲ

ತೋಟದಮನೆ:
ನಮ್ಮದು ತೀರ್ಥಹಳ್ಳಿ ಹತ್ತಿರ ಒಂದು ಹಳ್ಳಿ. ಫೈಬರ್ ಕನೆಕ್ಷನ್. ಮೋಡೆಮ್ ಕೆಳಗೆ ಜಗುಲಿಯಲ್ಲಿದೆ, ಕಂಪ್ಯೂಟರ್ ಮಹಡಿಯಲ್ಲಿ. ಅಟ್ಟದ ಮೇಲಿಂದ ಲ್ಯಾನ್ ಕೇಬಲ್ ಎಳೆಸಿದ್ದೇವೆ. ಮೊನ್ನೆ ಸಂಜೆ ಜೋರು ಗುಡುಗು ಸಿಡಿಲು, ಕರೆಂಟ್ ಹೋಗಿ ರಾತ್ರಿ ಬಂತು. ಅವತ್ತಿನಿಂದ ಕಂಪ್ಯೂಟರ್‌ಗೆ ನೆಟ್ ಇಲ್ಲ. ಫೋನಿಗೆ ವೈಫೈ ಚೆನ್ನಾಗಿ ಬರುತ್ತಿದೆ, ಅಂದರೆ ಮೋಡೆಮ್ ಸರಿ ಇದೆ ಅಲ್ವಾ? ವಿಡಿಯೋ ನೋಡಿ ವಿನ್‌ಸಾಕ್ ರಿಸೆಟ್ (ವಿಂಡೋಸ್‌ನ ನೆಟ್ ಸೆಟ್ಟಿಂಗ್ ಮೊದಲಿನ ಹಾಗೆ ಮಾಡುವುದು), ಐಪಿ ರಿನ್ಯೂ (ಮೋಡೆಮ್ ಹತ್ತಿರ ಹೊಸದಾಗಿ ನೆಟ್ ಅಡ್ರೆಸ್ ಕೇಳುವುದು) ಎಲ್ಲ ಮಾಡಿದೆ. 'ಮೀಡಿಯಾ ಡಿಸ್‌ಕನೆಕ್ಟೆಡ್' ಅಂತಲೇ ಬರುತ್ತದೆ. ರಿಪೇರಿ ಅಂಗಡಿಯವರು ಫೋನಿನಲ್ಲೇ "ಬೋರ್ಡ್ ಹೋಗಿದೆ, ಬದಲಿಸಬೇಕು" ಅಂದುಬಿಟ್ಟರು. ನೋಡದೆ ಹೇಗೆ ಹೇಳ್ತಾರೆ? ನಾಳಿದ್ದು ಮಗಳಿಗೆ ಆನ್‌ಲೈನ್ ಪರೀಕ್ಷೆ ಬೇರೆ.

ಬಿಟ್‌ಬೈಟ್:
ಡಿವೈಸ್ ಮ್ಯಾನೇಜರ್‌ಗೆ ಹೋಗಿ ನೆಟ್‌ವರ್ಕ್ ಅಡಾಪ್ಟರ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ. ಅಪ್‌ಡೇಟ್ ಆದಮೇಲೆ ನನ್ನದೂ ಹೀಗೇ ಆಗಿತ್ತು, ಸರಿಹೋಯಿತು.

ಕ್ರಿಂಪಿಂಗ್_ಸಾಗರ:
ಡ್ರೈವರ್, ಅಂದರೆ ಆ ಅಡಾಪ್ಟರ್ ನಡೆಸುವ ಸಾಫ್ಟ್‌ವೇರ್, ಆಮೇಲೆ ನೋಡೋಣ. ಸಿಡಿಲಿನ ದಿನವೇ ಕೆಟ್ಟಿದೆ ಅಂದಮೇಲೆ ಮೊದಲು ದೀಪ ನೋಡಿ. ಸಿಪಿಯು ಹಿಂದೆ ಲ್ಯಾನ್ ಪೋರ್ಟ್ ಪಕ್ಕದಲ್ಲಿ ಸಣ್ಣ ದೀಪ ಇರುತ್ತದೆ, ಮೋಡೆಮ್ ಕಡೆಯೂ ಇರುತ್ತದೆ. 'ಮೀಡಿಯಾ ಡಿಸ್‌ಕನೆಕ್ಟೆಡ್' ಅಂದರೆ ಕೇಬಲ್‌ನ ಆ ತುದಿಯಿಂದ ಸಿಗ್ನಲ್ಲೇ ಸಿಕ್ಕಿಲ್ಲ. ದೀಪವೇ ಹತ್ತದಿದ್ದರೆ ಐಪಿ ರಿನ್ಯೂ ಸಾವಿರ ಸಲ ಮಾಡಿದರೂ ದಂಡ.

ವೈಫೈ ಬರುತ್ತಿದೆ ಅಂತ ಮೋಡೆಮ್ ಪೂರ್ತಿ ಸರಿ ಇದೆ ಅಂತ ಹೇಳಲು ಬರುವುದಿಲ್ಲ. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಮೋಡೆಮ್‌ನ ಪವರ್ ಅಡಾಪ್ಟರ್ ಮೂಲಕ ಸಿಡಿಲಿನ ಕರೆಂಟ್ ಬರಬಹುದು. ಉದ್ದದ ತಾಮ್ರದ ಕೇಬಲ್‌ನಲ್ಲಿ ಸಿಡಿಲಿನ ಹೊಡೆತಕ್ಕೆ ಕರೆಂಟ್ ತಾನಾಗಿಯೇ ಹುಟ್ಟಬಹುದು. ಒಂದು ಪೋರ್ಟ್ ಸತ್ತು, ಉಳಿದಿದ್ದೆಲ್ಲ ಏನೂ ಆಗದ ಹಾಗೆ ನಡೆಯುವುದು ಮಳೆಗಾಲದ ಮುಂಚೆ ನಮ್ಮ ಕಡೆ ಮಾಮೂಲು.

ಸಿಪಿಯು ಒಂದನ್ನೇ ಕೆಳಗೆ ತನ್ನಿ. ಮಾನಿಟರ್ ಬೇಡ, ಆನ್ ಮಾಡಿದರೆ ಸಾಕು. ಮೋಡೆಮ್ ಜೊತೆ ಬಂದ ಗಿಡ್ಡ ಕೇಬಲ್ ಹಾಕಿ ಮೋಡೆಮ್‌ನ ಪ್ರತಿ ಪೋರ್ಟ್‌ನಲ್ಲೂ ದೀಪ ನೋಡಿ. ಅಟ್ಟ ಅಂದಿರಿ, ಇಲಿ ಕಾಟ ಇದೆಯಾ? ಅಡಿಕೆ ಚೀಲ ಇದ್ದಲ್ಲಿ ಕೇಬಲ್‌ಗೆ ಆಯುಸ್ಸು ಕಮ್ಮಿ.

ತೋಟದಮನೆ:
ಒಂದನೇ ಪೋರ್ಟ್‌ನಲ್ಲಿ ದೀಪ ಇಲ್ಲ. ಎರಡರಲ್ಲಿ ಹತ್ತಿತು! ಮತ್ತೆ ಮಹಡಿಗೆ ಒಯ್ದು, ಅಟ್ಟದ ಕೇಬಲನ್ನು ಎರಡಕ್ಕೆ ಹಾಕಿದೆ. ಅಲ್ಲೂ ಹತ್ತುತ್ತದೆ. ಆದರೆ ನೆಟ್ ಮಾತ್ರ ಇಲ್ಲ. ಐಪಿ 169.254 ಅಂತ ಏನೋ ತೋರಿಸುತ್ತಿದೆ.

ಕ್ರಿಂಪಿಂಗ್_ಸಾಗರ:
ದೀಪ ಹತ್ತಿತು ಅಂದಮೇಲೆ ಬೋರ್ಡ್ ಉಳಿಯಿತು, ಕೇಬಲ್ಲೂ ಪಾಸು. ಸತ್ತಿದ್ದು ಮೋಡೆಮ್‌ನ ಒಂದನೇ ಪೋರ್ಟ್. ಅಂಗಡಿಯವರಿಗೆ ಫೋನ್ ಮಾಡಿ ಹೇಳಿ ಬೇಕಾದರೆ.

169.254 ಅಂದರೆ ಮೋಡೆಮ್ ಅಡ್ರೆಸ್ ಕೊಡಲಿಲ್ಲ, ವಿಂಡೋಸ್ ಕಾದು ಕಾದು ತಾನೇ ಒಂದು ಹಾಕಿಕೊಂಡಿದೆ. ಎಷ್ಟೋ ಮೋಡೆಮ್‌ಗಳಲ್ಲಿ ಒಂದನೇ ಪೋರ್ಟ್‌ಗೆ ಮಾತ್ರ ಇಂಟರ್ನೆಟ್ ಕಟ್ಟಿರುತ್ತಾರೆ, ಉಳಿದದ್ದು ಟಿವಿ ಬಾಕ್ಸ್‌ಗೆ ಇಲ್ಲವೇ ಸುಮ್ನೆ ಖಾಲಿ. ಮೂರು, ನಾಲ್ಕನ್ನೂ ಹಾಕಿ ನೋಡಿ. ಅಲ್ಲೂ ಹೀಗೇ ಬಂದರೆ ನೆಟ್‌ನವರಿಗೆ ಫೋನ್ ಮಾಡಿ "ವ್ಯಾನ್ ಸೆಟ್ಟಿಂಗ್‌ನಲ್ಲಿ ಲ್ಯಾನ್ 2 ಬೈಂಡ್ ಮಾಡಿ" ಅಂತ ಇದೇ ಮಾತಿನಲ್ಲಿ ಹೇಳಿ, ಅಂದರೆ ಎರಡನೇ ಪೋರ್ಟ್‌ಗೂ ಇಂಟರ್ನೆಟ್ ಕಟ್ಟಿಕೊಡಿ ಅಂತ. ಬರೀ "ನೆಟ್ ಬರ್ತಿಲ್ಲ" ಅಂದರೆ ಆಫ್ ಮಾಡಿ ಆನ್ ಮಾಡಿ ಅಂತಾರೆ, ಅಷ್ಟೇ.

ಹೆಗಲಬ್ಯಾಗು:
ಪರೀಕ್ಷೆಗೆ ಅವರನ್ನು ಕಾಯಬೇಡಿ. ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲ್‌ನಿಂದ ಕಂಪ್ಯೂಟರ್‌ಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ಮೆನುವಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಫೋನ್ ವೈಫೈನಲ್ಲಿದ್ದರೆ ಅದೇ ನೆಟ್ ಕಂಪ್ಯೂಟರ್‌ಗೂ ಹೋಗುತ್ತದೆ. ಡೇಟಾ ಖರ್ಚಾಗುವುದಿಲ್ಲ.

ತೋಟದಮನೆ:
ಟೆದರಿಂಗ್‌ನಲ್ಲೇ ಪರೀಕ್ಷೆ ಮುಗಿಯಿತು, ತುಂಬಾ ಉಪಕಾರ ಆಯಿತು. ನೆಟ್‌ನವರೂ ಅಲ್ಲಿಂದಲೇ ಎರಡನೇ ಪೋರ್ಟ್ ಸರಿ ಮಾಡಿಕೊಟ್ಟರು, ಈಗ ವೈರ್‌ನಲ್ಲಿ ಬರುತ್ತಿದೆ. ಮೋಡೆಮ್ ಬದಲಿಸಿಕೊಳ್ಳಲೇಬೇಕಾ?

ಕ್ರಿಂಪಿಂಗ್_ಸಾಗರ:
ಮೋಡೆಮ್ ಅವರದ್ದೇ ಆದರೆ ಬದಲಿಸಿಕೊಳ್ಳಿ. ಒಂದು ಸಲ ಪೆಟ್ಟು ತಿಂದದ್ದು ಯಾವಾಗ ಕೈಕೊಡುತ್ತದೋ ಗೊತ್ತಾಗುವುದಿಲ್ಲ. ಇನ್ನು ಮುಂದೆ ಮೋಡ ಕಟ್ಟುವಾಗಲೇ, ಗುಡುಗು ಶುರುವಾಗುವ ಮೊದಲೇ, ಪ್ಲಗ್ ಜೊತೆ ಲ್ಯಾನ್ ಕೇಬಲನ್ನೂ ಕೀಳಿ. ಗುಡುಗು ಕೇಳಲು ಶುರುವಾದಮೇಲೆ ಅದರ ಹತ್ತಿರ ಹೋಗಲೇಬೇಡಿ.