ಟೆಂಪೋ ಟ್ರಾವೆಲರ್ ಮತ್ತು ಏರ್‌ಬಸ್

ಹಾಸನ ಬಸ್‌ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿ. ಮೂರು ಜನಕ್ಕೆ ಎರಡು ಟೀ. ವಿಷಯ: ಮುಳುಗೋ ವಿಮಾನ ಕಂಪನಿಯನ್ನ ಎತ್ತೋದು ಹೇಗೆ. ಮೂವರಲ್ಲಿ ವಿಮಾನ ಹತ್ತಿದವನು ನಾನೊಬ್ಬನೇ, ಅದೂ ಒಂದೇ ಸಲ. ಕಿಟಕಿ ಸೀಟು ಸಿಗದ ಹೊಟ್ಟೆಯುರಿ ಇನ್ನೂ ಆರಿಲ್ಲ.

ಮೂರ್ತಿ ಮೇಷ್ಟ್ರು ಎಂದಿನಂತೆ ಗೊರೂರಿನಿಂದಲೇ ಶುರು ಮಾಡಿದರು. "ಕ್ಯಾಪ್ಟನ್ ಗೋಪಿನಾಥ್ ನಮ್ಮ ಕಡೆಯೋರು ಕಣೋ. ರೇಷ್ಮೆ ಬೆಳೀತಿದ್ದವರು 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಒಂದು ರೂಪಾಯಿಗೆ ಟಿಕೆಟ್!"

"ಒಂದು ರೂಪಾಯಿಗೆ ನಾನು ಹಾರನ್ನೂ ಹೊಡೆಯಲ್ಲ," ಅಂದ ಸೀನ. ಅವನದೊಂದು ಟೆಂಪೋ ಟ್ರಾವೆಲರ್, ಅದಕ್ಕಿಂತ ಉದ್ದದ ಸಾಲ.

"ಎಲ್ಲಾ ಸೀಟಿಗೂ ಅಲ್ಲವೋ, ಕೆಲವಕ್ಕೆ ಮಾತ್ರ. ಆದರೂ ನಷ್ಟ ನಿಲ್ಲಲಿಲ್ಲ. 2007ರಲ್ಲಿ ಮಲ್ಯ 550 ಕೋಟಿ ಕೊಟ್ಟು ನೂರಕ್ಕೆ 26 ಪಾಲು ತಗೊಂಡರು. ಆಗ ವಿದೇಶಕ್ಕೆ ಹಾರಬೇಕಂದ್ರೆ ಐದು ವರ್ಷ ಸರ್ವೀಸ್ ಆಗಿರಬೇಕು, 20 ವಿಮಾನ ಇರಬೇಕು. ಅವರ ಕಿಂಗ್‌ಫಿಶರ್ ಏರ್‌ಲೈನ್ಸ್ ಶುರುವಾಗಿದ್ದೇ 2005ರಲ್ಲಿ. ಡೆಕ್ಕನ್‌ಗೆ 2008ಕ್ಕೆ ಐದು ತುಂಬಿತು. ಆ ವರ್ಷವೇ ಬೆಂಗಳೂರು–ಲಂಡನ್!"

"ಓಹೋ, ಪರ್ಮಿಟ್ ಆಸೆಗೆ ಹಳೇ ಬಸ್ ಕೊಂಡಂಗೆ!"

ಮೇಷ್ಟ್ರು ಒಂದು ಗಳಿಗೆ ಸುಮ್ಮನಾದರು. ಇಷ್ಟು ಚೆನ್ನಾಗಿ ಅವರಿಗೇ ಹೇಳಲು ಬಂದಿರಲಿಲ್ಲ.

"ಸೀಟಿಗೊಂದು ಟಿವಿ ಒಂದು ಕಡೆ, ಅಗ್ಗದ ಕಿಂಗ್‌ಫಿಶರ್ ರೆಡ್ ಇನ್ನೊಂದು ಕಡೆ," ಅಂದೆ ನಾನು. "ದೊಡ್ಡ ಏರ್‌ಬಸ್ಸೂ ಇತ್ತು, ರೆಕ್ಕೆಗೆ ಫ್ಯಾನಿರೋ ಸಣ್ಣ ಎಟಿಆರೂ ಇತ್ತು. ಇದನ್ನ ಓಡಿಸೋ ಪೈಲಟ್ ಅದನ್ನ ಓಡಿಸೋ ಹಾಗಿಲ್ಲ. 2006ರಲ್ಲಿ ಬಂದ ಇಂಡಿಗೋ ನೋಡು, ಶುರುವಿಗೆ ಏರ್‌ಬಸ್ ಎ320 ಅನ್ನೋ ಒಂದೇ ಮಾದರಿ."

"ಮತ್ತೆ! ಒಂದೇ ಜಾತಿ ಗಾಡಿ ಇದ್ರೆ ಒಬ್ಬನೇ ಮೆಕ್ಯಾನಿಕ್, ಒಂದೇ ಸ್ಟೆಪ್ನಿ. ಆಮೇಲೆ ಗಾಡಿ ನಿಲ್ಲಬಾರದು. ಇಎಂಐ ನಿಂತ ಗಾಡಿಗೂ ಬರುತ್ತೆ."

"2008ರಲ್ಲಿ ಕಚ್ಚಾತೈಲ ಬ್ಯಾರೆಲ್‌ಗೆ 140 ಡಾಲರ್ ದಾಟಿತಲ್ಲ," ಮೇಷ್ಟ್ರು ನಿಟ್ಟುಸಿರಿಟ್ಟರು. "ಎಣ್ಣೆ ಮಾರೋರನ್ನ ಎಣ್ಣೆನೇ ಮುಳುಗಿಸ್ತು. 2012ರ ಅಕ್ಟೋಬರಿಗೆ ಕಿಂಗ್‌ಫಿಶರ್ ಪೂರಾ ನೆಲಕ್ಕೆ."

"ಬಂಕ್‌ನೋನು ಉದ್ರಿ ನಿಲ್ಲಿಸಿದ್ರೆ ಮುಗೀತು, ಮೇಷ್ಟ್ರೇ."

"ಸ್ಪೈಸ್‌ಜೆಟ್‌ಗೂ 2014ರ ಡಿಸೆಂಬರಲ್ಲಿ ಹಂಗೇ ಆಯ್ತು. ಹಳೇ ಮಾಲೀಕ ಅಜಯ್ ಸಿಂಗ್ ವಾಪಸ್ ಬಂದು ಎತ್ತಿದರು. ಅದೃಷ್ಟಕ್ಕೆ ತೈಲದ ರೇಟೂ ಇಳೀತು."

"ಯಾರು ಎತ್ತಿದ್ದು, ಅಜಯ್ ಸಿಂಗೋ ತೈಲವೋ?" ಅಂತ ಕೇಳಿದೆ. ಮೇಷ್ಟ್ರು ಟೀ ಲೋಟದೊಳಗೆ ನೋಡಿದರು.

ಅಷ್ಟರಲ್ಲಿ ಸೀನನ ಫೋನು. ಧರ್ಮಸ್ಥಳಕ್ಕೆ ಹನ್ನೆರಡು ಜನ. "ಆಯ್ತು ಸಾರ್, ನೀವು ಹೇಳಿದ್ದೇ ರೇಟು... ಟಿವಿನಾ? ಹಾಕಿಸ್ತೀನಿ ಸಾರ್! ಕಲರ್ ಲೈಟೂ ಹಾಕಿಸ್ತೀನಿ!"

ಫೋನಿಟ್ಟು ಅಂಗಡಿಯವನ ಕಡೆ ತಿರುಗಿದ: "ಅಣ್ಣಾ, ಟೀ ದುಡ್ಡು ನನ್ನ ಲೆಕ್ಕಕ್ಕೆ ಬರ್ಕೊ."