ಎಸಿ ತಣ್ಣಗಾಗುತ್ತಿಲ್ಲ, ಎರಡು ಸಲ ಗ್ಯಾಸ್ ಹಾಕಿಸಿದ್ದಾಯ್ತು (ಕಾರವಾರ)

ಕೋಡಿಬಾಗ ಮನೆ, ರಾತ್ರಿ 11:40
ಯಾರಾದರೂ ದಾರಿ ತೋರಿಸಿ. ಮಹಡಿ ಮೇಲಿನ ಕೋಣೆಯ ಎಸಿ ತಣ್ಣಗೆ ಮಾಡುತ್ತಿಲ್ಲ. ಹೊರಗಿನ ಯೂನಿಟ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ಆಮೇಲೆ ಬರೀ ಫ್ಯಾನ್ ಗಾಳಿ. ರಿಪೇರಿಯವರು ಮೂರು ಸಲ ಬಂದರು, ಎರಡು ಸಲ ಗ್ಯಾಸ್ ಹಾಕಿದರು. ಈಗ ಎಸಿಯ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ, ಬದಲಿಸಬೇಕು ಅನ್ನುತ್ತಾರೆ. ರೇಟು ಕೇಳಿ ಸುಮ್ಮನಾದೆ. ಆ ಕೋಣೆಯಲ್ಲಿ ಆಯಿ ಮಲಗುತ್ತಾಳೆ. ಅಕ್ಟೋಬರ್ ಸೆಕೆ ಹೇಗಿರುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ನಿನ್ನೆ ಎರಡು ಗಂಟೆಗೆ ಎದ್ದು ಬಾಗಿಲ ಹತ್ತಿರ ಕೂತಿದ್ದಳು. ಬೋರ್ಡ್ ಹಾಕಿಸಲೋ, ಹೊಸ ಎಸಿ ತಗೊಳ್ಳಲೋ?

ಕುಮಟಾದವ
ಗ್ಯಾಸ್ ಲೀಕ್. ಬೇರೆ ಏನೂ ಅಲ್ಲ. ಉಪ್ಪು ಗಾಳಿಗೆ ಕಾಯಿಲ್ (ಗ್ಯಾಸ್ ಹರಿಯುವ ಕೊಳವೆ ಸುರುಳಿ) ತಿಂದು ಹೋಗುತ್ತದೆ. ಲೀಕ್ ಮುಚ್ಚದೆ ಎಷ್ಟು ಸಲ ತುಂಬಿಸಿದರೂ ಅಷ್ಟೇ. ನೈಟ್ರೋಜನ್ ಹಾಕಿ ಪ್ರೆಶರ್ ಹಿಡಿಸಿ, ಜಾಯಿಂಟ್‌ಗಳಿಗೆ ಸೋಪಿನ ನೊರೆ ಹಚ್ಚಿ ನೋಡಲಿ.

ಅಂಕೋಲಾ ಮೀಟರ್
ಇನ್ವರ್ಟರ್ ಎಸಿ, ಅಂದರೆ ಕಂಪ್ರೆಸರ್ ಸ್ಪೀಡ್ ತಾನೇ ಏರಿಸಿ ಇಳಿಸುವಂಥದ್ದು, ಹೌದೋ ಅಲ್ಲವೋ? ಎಷ್ಟು ವರ್ಷ ಆಯ್ತು? ಡಿಸ್‌ಪ್ಲೇಯಲ್ಲಿ ಕೋಡ್ ಬರುತ್ತಿದೆಯಾ? ರಿಮೋಟ್‌ನಲ್ಲಿ ಎಷ್ಟಕ್ಕೆ ಇಡುತ್ತೀರಿ?

ಕೋಡಿಬಾಗ ಮನೆ
ಇನ್ವರ್ಟರ್. ಒಂದೂವರೆ ಟನ್. ನಾಲ್ಕು ವರ್ಷ. ಕೋಡ್ ಯಾವುದೂ ಇಲ್ಲ. 24ಕ್ಕೆ ಇಡುತ್ತೇವೆ.

ಭಟ್ಕಳ ತೀರ
ಸ್ಟೆಬಿಲೈಸರ್ ಇದೆಯಾ? ವೋಲ್ಟೇಜ್ ಇಳಿದರೆ ಹೊರಗಿನ ಯೂನಿಟ್ ಹೀಗೇ ನಿಲ್ಲುತ್ತದೆ.

ಕುಮಟಾದವ
ಇನ್ವರ್ಟರ್ ಎಸಿಗೆ ಸ್ಟೆಬಿಲೈಸರ್ ಬೇಕಾಗಿಲ್ಲ. ಅದು ಹಳೇ ಕಾಲದ ಮಾತು.

ಭಟ್ಕಳ ತೀರ
ಹಳೇ ಕಾಲದ ಮಾತಲ್ಲ. ಕಂಪನಿ ಕೊಟ್ಟ ರೇಂಜ್‌ಗಿಂತ ಕೆಳಗೆ ಹೋದರೆ ಯಾವ ಇನ್ವರ್ಟರ್ ಆದರೂ ನಿಲ್ಲಬೇಕು. ಮಳೆಗಾಲದಲ್ಲಿ ನಮ್ಮ ಬೀದಿಗೆ ಬಂದು ನೋಡಿ.

ಅಂಕೋಲಾ ಮೀಟರ್
ವೋಲ್ಟೇಜ್ ಆಮೇಲೆ ನೋಡೋಣ. ಕೋಡಿಬಾಗದವರೇ, ಇವತ್ತು ರಾತ್ರಿ 24 ಬಿಟ್ಟು 18ಕ್ಕೆ ಇಟ್ಟು ನೋಡಿ. ಕೋಣೆಯಲ್ಲಿ ಬೇರೆ ಥರ್ಮಾಮೀಟರ್ ಇದ್ದರೆ ಅದನ್ನೂ ಓದಿ.

ಕೋಡಿಬಾಗ ಮನೆ
18ಕ್ಕೆ ಇಟ್ಟರೆ ಓಡುತ್ತದಲ್ಲ! ಅದು ಮೊದಲಿಂದಲೂ ಗೊತ್ತು. ಬಿಲ್ ಜಾಸ್ತಿ ಬರುತ್ತದೆ ಅಂತ ಇಡುವುದಿಲ್ಲ. ಟೇಬಲ್ ಗಡಿಯಾರದಲ್ಲಿ ಟೆಂಪರೇಚರ್ ತೋರಿಸುತ್ತದೆ. 18ಕ್ಕೆ ಇಟ್ಟಾಗ ಕೋಣೆ 25ರ ಹತ್ತಿರ ನಿಲ್ಲುತ್ತದೆ. 24ಕ್ಕೆ ಇಟ್ಟರೆ ಗಡಿಯಾರದಲ್ಲಿ 30 ಇರುವಾಗಲೇ ಹೊರಗಿನ ಯೂನಿಟ್ ಬಂದ್.

ಅಂಕೋಲಾ ಮೀಟರ್
ಇದನ್ನು ಮೊದಲೇ ಹೇಳಿದ್ದರೆ ಎಷ್ಟೋ ಸುಲಭ ಆಗುತ್ತಿತ್ತು. ಗ್ಯಾಸ್ ಕಮ್ಮಿ ಇದ್ದರೆ 18 ಇಟ್ಟರೂ ತಣ್ಣಗಾಗುವುದಿಲ್ಲ. ರಿಮೋಟ್‌ನ ಅಂಕಿ ಗ್ಯಾಸ್‌ಗೆ ಗೊತ್ತಿಲ್ಲ, ಬೋರ್ಡ್‌ಗೆ ಮಾತ್ರ ಗೊತ್ತು. ನಿಮ್ಮ ಬೋರ್ಡ್ ಕೋಣೆ ಆಗಲೇ 24ಕ್ಕೆ ಇಳಿದಿದೆ ಅಂತ ನಂಬಿದೆ. ಹಾಗೆ ನಂಬಿಸುತ್ತಿರುವುದು ಕೋಣೆ ಸೆನ್ಸರ್.

ಒಳಗಿನ ಯೂನಿಟ್‌ನಲ್ಲಿ ಎರಡು ಸೆನ್ಸರ್ ಇರುತ್ತವೆ. ಒಂದು ಗಾಳಿ ಒಳಗೆ ಎಳೆಯುವ ಜಾಗದಲ್ಲಿ, ಕಪ್ಪು ಹನಿಯ ಹಾಗೆ. ಇನ್ನೊಂದು ತಾಮ್ರದ ಕೊಳವೆಯೊಳಗೆ, ಕಾಯಿಲ್‌ಗೆ ಅಂಟಿಕೊಂಡು. ಎರಡೂ ಎನ್‌ಟಿಸಿ, ಅಂದರೆ ಬಿಸಿ ಏರಿದರೆ ರೆಸಿಸ್ಟೆನ್ಸ್ ಇಳಿಯುತ್ತದೆ, ತಣ್ಣಗಾದರೆ ಏರುತ್ತದೆ. ದಾರಿಯಲ್ಲಿ ಎಲ್ಲಾದರೂ ಕಿಲುಬು ಕಟ್ಟಿ ರೆಸಿಸ್ಟೆನ್ಸ್ ಸೇರಿಕೊಂಡರೆ ಬೋರ್ಡ್‌ಗೆ ಅದು ಚಳಿಯಾಗಿ ಕಾಣುತ್ತದೆ. ತಂತಿ ಪೂರ್ತಿ ಕಡಿದರೆ ಅಥವಾ ಶಾರ್ಟ್ ಆದರೆ ಮಾತ್ರ ಕೋಡ್ ಬರುತ್ತದೆ. ಅರ್ಧ ಹಾಳಾದರೆ ಏನೂ ಬರುವುದಿಲ್ಲ. ಎಷ್ಟೋ ಮನೆಯಲ್ಲಿ ಸುಮ್ನೆ ಬೋರ್ಡ್ ಬದಲಾಗುವುದು ಇದೇ ಕಾರಣಕ್ಕೆ. ನನಗೆ ತುಂಬಾ ಬೇಜಾರಾಗುವ ವಿಷಯ ಇದು.

ಮಳೆಗಾಲದಲ್ಲಿ ಎಸಿ ಬಳಸಿದ್ದಿರಾ?

ಕೋಡಿಬಾಗ ಮನೆ
ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೆವು, ಧೂಳು ಕೂರಬಾರದು ಅಂತ. ಕಿಟಕಿ ಕಡಲ ಕಡೆಗೇ ಇದೆ.

ಕುಮಟಾದವ
ಸೆನ್ಸರ್ ಇರಬಹುದು. ಆದರೆ ಮೊದಲ ಸಲ ಹಾಕಿದ ಗ್ಯಾಸ್ ಎಲ್ಲಿ ಹೋಯ್ತು? ಅದಕ್ಕೆ ಉತ್ತರ ಕೊಡಿ.

ಅಂಕೋಲಾ ಮೀಟರ್
ಕಮ್ಮಿ ಇತ್ತು ಅಂತ ಹೇಳಿದ್ದು ಯಾವ ಲೆಕ್ಕದಲ್ಲಿ? ಇನ್ವರ್ಟರ್ ಕಂಪ್ರೆಸರ್ ಸ್ಪೀಡ್ ಇಳಿಸಿಕೊಂಡಾಗ ಪ್ರೆಶರ್ ಗೇಜ್ ಬೇರೆ ತೋರಿಸುತ್ತದೆ. ಪೂರ್ತಿ ತೆಗೆದು ತೂಕ ಮಾಡಿ ಹಾಕಿದರೆ ಮಾತ್ರ ಖಾತ್ರಿ. ಲೇಬಲ್ ಮೇಲೆ ಎಷ್ಟು ಗ್ರಾಂ ಅಂತ ಬರೆದಿರುತ್ತದೆ.

ಕುಮಟಾದವ
ಎಸಿಗೆ ಹಾಕುವ ಗ್ಯಾಸ್‌ಗಳಲ್ಲಿ ಆರ್32 ಒಂದೇ ಗ್ಯಾಸ್. ಟಾಪ್ ಅಪ್ ಮಾಡಿದರೆ ತಪ್ಪೇನಿಲ್ಲ. ಆರ್410ಎ ಎರಡು ಗ್ಯಾಸ್‌ಗಳ ಮಿಶ್ರಣ, ಅದಕ್ಕೆ ನಿಮ್ಮ ಮಾತು ಸರಿ.

ಅಂಕೋಲಾ ಮೀಟರ್
ಟಾಪ್ ಅಪ್ ತಪ್ಪು ಅಂತ ನಾನು ಹೇಳಲಿಲ್ಲ. ಎಷ್ಟು ಹಾಕಿದರು ಅಂತ ಗೊತ್ತಿರಬೇಕು ಅಂದೆ, ಅಷ್ಟೇ.

ಶಿರಸಿ ತೋಟ
ನಮಗೆ ಘಟ್ಟದ ಮೇಲೆ ಎಸಿ ಬೇಕಾಗಿಲ್ಲ, ಆದರೂ ಓದುತ್ತಾ ಕೂತೆ. ಅಡಿಕೆ ಡ್ರೈಯರ್‌ಗೆ ನಾನೂ ಮೊದಲು ಎನ್‌ಟಿಸಿ ಹಾಕಿದ್ದೆ. ಪ್ಲಗ್ ಒಳಗೆ ಕಿಲುಬು ಕಟ್ಟಿ ಟೆಂಪರೇಚರ್ ಕಮ್ಮಿ ತೋರಿಸಿತು, ಹೀಟರ್ ಬಂದ್ ಆಗಲೇ ಇಲ್ಲ, ಒಂದು ತಟ್ಟೆ ಅಡಿಕೆ ಕರಿಯಾಯ್ತು. ಈಗ ಆರು ಡಿಎಸ್18ಬಿ20 ಡಿಜಿಟಲ್ ಸೆನ್ಸರ್ ಹಾಕಿದ್ದೇನೆ, ಪ್ರತಿ ತಟ್ಟೆಗೆ ಒಂದು. ಅವು ಟೆಂಪರೇಚರ್ ಅನ್ನು ಅಂಕಿಯಾಗಿಯೇ ಕಳಿಸುತ್ತವೆ, ಜಾಯಿಂಟ್‌ನ ರೆಸಿಸ್ಟೆನ್ಸ್‌ಗೆ ಲೆಕ್ಕ ತಪ್ಪುವುದಿಲ್ಲ. ವೈಫೈ ಇರುವ ಚಿಕ್ಕ ಇಎಸ್‌ಪಿ32 ಬೋರ್ಡ್‌ನಿಂದ ಮೊಬೈಲ್‌ಗೆ ಬರುತ್ತದೆ. ಪೇಟೆಗೆ ಹೋದಾಗಲೂ ನೋಡಬಹುದು. ಬೇಕಾದರೆ ಫೋಟೋ ಹಾಕುತ್ತೇನೆ.

ಭಟ್ಕಳ ತೀರ
ಹಾಕಿ, ಹಾಕಿ. ಹೀಟರ್ ಎಷ್ಟು ಕಿಲೋವ್ಯಾಟ್? ಆನ್ ಆಫ್ ಮಾಡಲು ಮಾಮೂಲಿ ರಿಲೇನೋ, ಎಸ್‌ಎಸ್‌ಆರ್ (ಎಲೆಕ್ಟ್ರಾನಿಕ್ ರಿಲೇ) ಹಾಕಿದ್ದೋ?

ಶಿರಸಿ ತೋಟ
ಎಸ್‌ಎಸ್‌ಆರ್. 40 ಆಂಪ್. ದೊಡ್ಡ ಹೀಟ್‌ಸಿಂಕ್ ಕೊಟ್ಟಿದ್ದೇನೆ.

ಅಂಕೋಲಾ ಮೀಟರ್
ಡ್ರೈಯರ್‌ಗೆ ಬೇರೆ ಚರ್ಚೆ ಶುರು ಮಾಡಿ ಮಾರಾಯರೇ, ಇವರ ಆಯಿ ನಿದ್ದೆ ಇಲ್ಲದೆ ಇದ್ದಾರೆ.

ಕೋಡಿಬಾಗದವರೇ, ನಾಳೆ ಹಗಲು ಹೊತ್ತಲ್ಲಿ ಮಾಡಿ. ರಿಮೋಟ್‌ನಿಂದ ಆಫ್ ಮಾಡಿದರೆ ಸಾಲದು, ಎಂಸಿಬಿ (ಮೀಟರ್ ಬೋರ್ಡಿನ ಟ್ರಿಪ್ ಸ್ವಿಚ್) ಇಳಿಸಿ. ಹತ್ತು ನಿಮಿಷ ಕಾಯಿರಿ. ಹೊರಗಿನ ಯೂನಿಟ್ ತೆರೆಯಲೇಬೇಡಿ. ಅಲ್ಲಿ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಡಿಸಿ ಉಳಿದಿರುತ್ತದೆ. ಒಳಗಿನ ಬೋರ್ಡ್‌ನ ಸೆನ್ಸರ್ ತಂತಿಯನ್ನೂ ಕರೆಂಟ್ ಇರುವಾಗ ಮುಟ್ಟಬೇಡಿ. ಕೆಲವು ಬೋರ್ಡ್‌ಗಳಲ್ಲಿ ಅದು ಮೇನ್ಸ್ ಕರೆಂಟ್‌ನಿಂದ ಬೇರೆ ಆಗಿರುವುದಿಲ್ಲ. ಧೈರ್ಯ ಇಲ್ಲದಿದ್ದರೆ ಗೊತ್ತಿರುವ ಎಲೆಕ್ಟ್ರಿಷಿಯನ್ ಕರೆದು ಇದನ್ನೇ ಓದಿಸಿ.

ಸೆನ್ಸರ್ ಪ್ಲಗ್ ಬೋರ್ಡ್‌ನಿಂದ ಎಳೆದು ಮಲ್ಟಿಮೀಟರ್ 20ಕೆ (20 ಕಿಲೋ ಓಮ್) ರೇಂಜ್‌ಗೆ ಇಡಿ. ಪ್ಲಗ್‌ನ ಎರಡು ಪಿನ್ ಮೇಲೆ ಅಳೆಯಿರಿ, ತಂತಿಯನ್ನು ಅಲ್ಲಾಡಿಸಿ ನೋಡಿ. ಆಮೇಲೆ ಪ್ಲಗ್‌ನಿಂದ ಒಂದು ಇಂಚು ಹಿಂದೆ ತಂತಿಗೆ ಸೂಜಿ ಚುಚ್ಚಿ ಅಳೆಯಿರಿ. 25 ಡಿಗ್ರಿಯಲ್ಲಿ 10ಕೆ ಇರುವ ಸೆನ್ಸರ್ ಆದರೆ 30 ಡಿಗ್ರಿಗೆ ಸುಮಾರು 8ಕೆ ಬರಬೇಕು. 5ಕೆ, 15ಕೆ, 20ಕೆ ಸೆನ್ಸರ್ ಹಾಕುವ ಎಸಿಗಳೂ ಇವೆ. ಆದ್ದರಿಂದ ಓದಿದ ಅಂಕಿ, ಆಗ ಗಡಿಯಾರದಲ್ಲಿದ್ದ ಡಿಗ್ರಿ ಎರಡನ್ನೂ ಬರೆದು ಹಾಕಿ.

ಕೋಡಿಬಾಗ ಮನೆ, ಮರುದಿನ ಸಂಜೆ 5:20
ಪಕ್ಕದ ಮನೆಯ ವೈರಿಂಗ್ ಅಣ್ಣನನ್ನು ಕರೆದು ಮಾಡಿಸಿದೆ. ಗಡಿಯಾರದಲ್ಲಿ 30. ಪಿನ್ ಮೇಲೆ 11.4. ತಂತಿ ಅಲ್ಲಾಡಿಸಿದರೆ 9, ಮತ್ತೆ 13, ನಿಲ್ಲುವುದೇ ಇಲ್ಲ. ಸೂಜಿ ಚುಚ್ಚಿದ ಕಡೆ 8.1, ಎಷ್ಟು ಅಲ್ಲಾಡಿಸಿದರೂ ಅದೇ. ಪ್ಲಗ್ ಬಿಡಿಸಿ ನೋಡಿದರೆ ತಂತಿ ಪಿನ್‌ಗೆ ಸೇರುವಲ್ಲಿ ಹಸಿರು ಕಿಲುಬು.

ಅಂಕೋಲಾ ಮೀಟರ್
ಸಿಕ್ಕಿತು. 11.4ಕೆ ಅಂದರೆ ಬೋರ್ಡ್‌ಗೆ 22 ಡಿಗ್ರಿ. ಸೆನ್ಸರ್ ಚೆನ್ನಾಗಿದೆ, ಬೋರ್ಡ್‌ನ ತಪ್ಪೂ ಕಾಣುತ್ತಿಲ್ಲ.

ಭಟ್ಕಳ ತೀರ
ಡಬ್ಲ್ಯೂಡಿ-40 ಹೊಡೆದು ಒರೆಸಿ, ಮುಗೀತು.

ಅಂಕೋಲಾ ಮೀಟರ್
ಬೇಡ. ಮಾಮೂಲಿ ಡಬ್ಲ್ಯೂಡಿ-40 ಎಣ್ಣೆಯ ಪದರ ಬಿಡುತ್ತದೆ, ಧೂಳು ಹಿಡಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಅಂತಲೇ ಸಿಗುತ್ತದೆ.

ಭಟ್ಕಳ ತೀರ
ಬೈಕ್ ಲೈಟಿನ ವೈರ್ ಪ್ಲಗ್‌ಗೆ ಹತ್ತು ವರ್ಷದಿಂದ ಹೊಡೆಯುತ್ತಿದ್ದೇನೆ. ಏನೂ ಆಗಿಲ್ಲ.

ಅಂಕೋಲಾ ಮೀಟರ್
ಬೈಕ್ ಲೈಟಿನ ಪ್ಲಗ್‌ನಲ್ಲಿ ಮೂರು ಕಿಲೋ ಓಮ್ ಸೇರಿದರೆ ನಿಮಗೆ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಹರಿಯುವುದು ಬಹಳ ಚಿಕ್ಕ ಕರೆಂಟ್. ಇವರದ್ದು ಮೇಲಿನ ಕಿಲುಬೂ ಅಲ್ಲ, ಕ್ರಿಂಪ್ (ತಂತಿಯನ್ನು ಪಿನ್ ಹಿಡಿದು ಒತ್ತಿದ ಜಾಗ) ಒಳಗಿನದು. ಸ್ಪ್ರೇ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ತಂತಿಯನ್ನು ತಾಮ್ರ ಹೊಳೆಯುವವರೆಗೆ ಕತ್ತರಿಸಿ ಹೊಸ ಪಿನ್ ಹಾಕಬೇಕು. ಪಿನ್ ಸಿಗದಿದ್ದರೆ ಹಳೇ ಪಿನ್ ಉಜ್ಜಿ ಬೆಸುಗೆ ಹಾಕಿ, ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಏರಿಸಿ. ಮೇಲೆ ಸಿಲಿಕಾನ್ ಹಚ್ಚುವುದಾದರೆ ವಿನೆಗರ್ ವಾಸನೆ ಬರುವ ಟ್ಯೂಬ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಪಕ್ಕದ ಕಾಯಿಲ್ ಸೆನ್ಸರ್‌ನ ಪಿನ್ ಕೂಡ ಹೀಗೇ ಅಳೆದು ಬಿಡಿ. ಅದು ಸುಳ್ಳು ಚಳಿ ತೋರಿಸಿದರೆ ಐಸ್ ಕಟ್ಟುತ್ತಿದೆ ಅಂತ ಕಂಪ್ರೆಸರ್ ನಿಲ್ಲುತ್ತದೆ.

ಕೋಡಿಬಾಗ ಮನೆ, ಮೂರು ದಿನದ ನಂತರ
ಎರಡೂ ಸೆನ್ಸರ್‌ಗೆ ಬೆಸುಗೆ ಹಾಕಿಸಿದೆ. ಈಗ 24ಕ್ಕೆ ಇಟ್ಟರೆ ಗಡಿಯಾರದಲ್ಲಿ 24, ಕೆಲವೊಮ್ಮೆ 25. ಒಳಗೆ ತೇವ ನಿಂತೇ ಕಿಲುಬು ಕಟ್ಟಿರಬೇಕು ಅಂತ ಪ್ಲಾಸ್ಟಿಕ್ ಹೊದಿಕೆ ಎಸೆದೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಅರ್ಧ ಗಂಟೆ ಡ್ರೈ ಮೋಡ್‌ನಲ್ಲಿ ಓಡಿಸಿದರೆ ಸಾಕಾ?

ಕುಮಟಾದವ
ಖುಷಿಯಾಯ್ತು. ಆದರೂ ಹೊರಗಿನ ಯೂನಿಟ್‌ನ ಎರಡು ಪೈಪ್ ನಟ್‌ಗಳಿಗೆ ಒಮ್ಮೆ ಸೋಪಿನ ನೊರೆ ಹಚ್ಚಿಸಿ ನೋಡಿ.

ಕೋಡಿಬಾಗ ಮನೆ
ಭಾನುವಾರ ಹಚ್ಚಿಸುತ್ತೇನೆ. ಡ್ರೈ ಮೋಡ್ ವಿಷಯ ಯಾರಾದರೂ ಹೇಳಿ.