ಸೋಮವಾರ ಅಡಿಕೆ ಕೊನೆ (ಗೊನೆ) ಇಳಿಸ್ಬೇಕಾ ಬೇಡ್ವಾ? ಬಂಗಾಳ ಕೊಲ್ಲಿಯ ಮಳೆ ನಮ್ಮ ಕಡೆ ಬರ್ತದಾ?

ತೋಟದಮನೆ (ತೀರ್ಥಹಳ್ಳಿ), ಗುರುವಾರ ರಾತ್ರಿ

ಎಲ್ರಿಗೂ ನಮಸ್ಕಾರ. ಮಳೆ ವಿಷ್ಯ ಗೊತ್ತಿರೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ ಮಾರಾಯ್ರೆ, ತಲೆ ಕೆಟ್ಟು ಹೋಗಿದೆ.

ನಮ್ದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ರೋಡಲ್ಲಿ ಸ್ವಲ್ಪ ಒಳಗೆ. ಕೊನೆಗೌಡ (ಮರ ಹತ್ತಿ ಅಡಿಕೆ ಕೊನೆ ಕೊಯ್ಯೋನು) ಸೋಮವಾರ ಮಂಗಳವಾರ ಬರ್ತೀನಿ ಅಂದಿದಾನೆ, ಅದು ಬಿಟ್ರೆ ಕೊಪ್ಪದ ಕಡೆ ಯಾರದ್ದೋ ದೊಡ್ಡ ತೋಟ ಒಪ್ಕೊಂಡಿದಾನಂತೆ, ಮತ್ತೆ ಯಾವಾಗ ಕೈಗೆ ಸಿಗ್ತಾನೋ ದೇವ್ರಿಗೇ ಗೊತ್ತು. ಈಗ ನೋಡಿದ್ರೆ ಬಂಗಾಳ ಕೊಲ್ಲಿಲಿ ವಾಯುಭಾರ ಕುಸಿತ, ಬುಧವಾರದಿಂದ ಮಳೆ ಅಂತ ಎಲ್ಲಾ ಕಡೆ ಶುರುವಾಗಿದೆ. ಮೊಬೈಲಲ್ಲಿ ಒಂದು ಆ್ಯಪು ಬುಧವಾರ ಗುರುವಾರ ಸೇರಿ 90 ಮಿ.ಮೀ. ತೋರಿಸ್ತದೆ, ಇನ್ನೊಂದು ಬರೀ 6 ತೋರಿಸ್ತದೆ, ಬೆಳಿಗ್ಗೆ ಬುಧವಾರ ಇದ್ದಿದ್ದು ರಾತ್ರಿ ಊಟ ಮುಗ್ಸಿ ನೋಡೋಷ್ಟ್ರಲ್ಲಿ ಶುಕ್ರವಾರಕ್ಕೆ ಹೋಗಿರ್ತದೆ. ಟಿವಿಯವರ ಪ್ರಕಾರ ಅಂತೂ ಪ್ರಳಯ ಈಗಾಗ್ಲೇ ಆಗಿ ಮುಗ್ದಿದೆ.

ಅಂಗಳದಲ್ಲಿ ಬೇಯಿಸಿದ ಅಡಿಕೆ ಹರಡಿದೀವಿ. ಒಂದು ಪಾಲು ಹೆಚ್ಚುಕಮ್ಮಿ ಒಣಗಿದೆ, ಕೈಯಲ್ಲಿ ಆಡಿಸಿದ್ರೆ ಗಲಗಲ ಅಂತದೆ. ಇನ್ನೊಂದು ಪಾಲು ನಿನ್ನೆ ಹಂಡೆಯಿಂದ ತೆಗ್ದಿದ್ದು, ಚೊಗರು (ಅಡಿಕೆ ಬೇಯಿಸಿದ ಬಣ್ಣದ ನೀರು) ಇನ್ನೂ ಬೆರಳಿಗೆ ಅಂಟ್ತದೆ. ಇದ್ರ ಮೇಲೆ ಸೋಮವಾರ ಕೊನೆ ಇಳಿಸಿ ಸುಲ್ದು ಬೇಯಿಸಿ ಹಾಕಿ, ಬುಧವಾರ ಮಳೆ ಹಿಡ್ದು ಬಿಸಿಲೇ ಕಾಣ್ಲಿಲ್ಲ ಅಂದ್ರೆ ಬೂಸ್ಟು ಹಿಡ್ದು ಬಣ್ಣ ಹೋಗ್ತದೆ, ರೇಟೂ ಹೋಗ್ತದೆ. ಇಳಿಸ್ದೆ ಬಿಟ್ರೆ ಮೇಲಿನ ತೋಟದ್ದು ಬಲಿತು ಹಣ್ಣಾಗ್ತದೆ, ರಾಶಿ ಇಡಿ (ಬೇಯಿಸಿ ಒಣಗಿಸೋ ಕೆಂಪಡಿಕೆ) ಆಗೋ ಅಡಿಕೆನ ಗೋಟಿಗೆ (ಹಣ್ಣಾದ್ಮೇಲೆ ಸಿಪ್ಪೆ ಸಮೇತ ಒಣಗಿಸೋದು) ಹಾಕ್ಬೇಕು. ಶೆಡ್ ಇದೆ, ಆದ್ರೆ ಸಣ್ದು.

ಬರ್ತದೋ ಇಲ್ವೋ ಬರ್ಕೊಡಿ ಅಂತ ಕೇಳ್ತಿಲ್ಲ. ನೀವಾಗಿದ್ರೆ ಎಂತ ಮಾಡ್ತಿದ್ರಿ?

ಮಳೆಲೆಕ್ಕ (ಶಿವಮೊಗ್ಗ)

ಸರ್, ಮೊದ್ಲನೇ ವಿಷ್ಯ, ನೀವು ಹೇಳ್ತಿರೋ ಕುಸಿತ ಇನ್ನೂ ಹುಟ್ಟೇ ಇಲ್ಲ. ಅಂಡಮಾನ್ ಕಡೆ ಮೋಡ ಗುಂಪು ಕಟ್ಟಿದೆ, ಅಷ್ಟೇ. ಒಂದು ಕೇಂದ್ರ ಅಂತ ಆಗೋವರೆಗೆ ಯಾವ ಮಾಡೆಲ್ಲನ್ನೂ (ಹವಾಮಾನ ಲೆಕ್ಕ ಹಾಕೋ ಕಂಪ್ಯೂಟರ್ ಪ್ರೋಗ್ರಾಂ) ನಂಬಿ ಕೂರಕ್ಕಾಗಲ್ಲ, ಯಾಕಂದ್ರೆ ಲೆಕ್ಕ ಶುರು ಮಾಡೋ ಜಾಗನೇ ಒಂದೊಂದಕ್ಕೆ ಒಂದೊಂದು ಕಡೆ ಇರ್ತದೆ, ಸಮುದ್ರದ ಮೇಲೆ ನೆಲದ ಮೇಲಿದ್ದಷ್ಟು ಅಳತೆನೂ ಸಿಗಲ್ಲ, ಶುರುವಿನಲ್ಲಿ ನೂರು ಕಿಲೋಮೀಟರ್ ಆಚೀಚೆ ಆದ್ರೆ ಐದನೇ ದಿನಕ್ಕೆ ಒಂದು ಚೆನ್ನೈಗೆ ಹೋಗಿರ್ತದೆ ಇನ್ನೊಂದು ಒಡಿಶಾಕ್ಕೆ. ಟಿವಿಯವರದ್ದು ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋ ಕೆಲ್ಸ. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದ್ರೆ ಮಾತ್ರ ಅದನ್ನ ಸೈಕ್ಲೋನ್ ಅಂತ ಕರ್ದು ಹೆಸರಿಡೋದು, ಹೆಸರಿನ ಪಟ್ಟಿ 13 ದೇಶದವರು ಸೇರಿ ಮೊದ್ಲೇ ಮಾಡಿಟ್ಟಿರ್ತಾರೆ, ಹಾಗಾಗಿ ಚಾನೆಲ್‌ನವರಿಗೆ ಹೆಸರು ಮುಂಚೆನೇ ಸಿಗ್ತದೆ, ಚಂಡಮಾರುತ ಮಾತ್ರ ಸಿಗಲ್ಲ.

ಎರಡು ಆ್ಯಪಲ್ಲಿ ಒಂದ್ರದ್ದು ಯುರೋಪಿನ ಮಾಡೆಲ್, ಇನ್ನೊಂದ್ರದ್ದು ಅಮೆರಿಕದ ಜಿಎಫ್‌ಎಸ್ ಇರ್ಬೇಕು. 90 ಸರಿನಾ 6 ಸರಿನಾ ಅಂತ ನೋಡ್ಬೇಡಿ, ಐದಾರು ದಿನ ಮುಂಚೆ ಅಷ್ಟು ವ್ಯತ್ಯಾಸ ಇದೆ ಅಂದ್ರೆ ಅರ್ಥ ಇಷ್ಟೇ, ಇನ್ನೂ ತೀರ್ಮಾನ ಆಗಿಲ್ಲ. ಮತ್ತೆ ಆ ಮಾಡೆಲ್‌ಗಳು ಭೂಮಿನ ಹತ್ತಿಪ್ಪತ್ತು ಕಿಲೋಮೀಟರಿನ ಚೌಕ ಚೌಕ ಮಾಡ್ಕೊಂಡು ಲೆಕ್ಕ ಹಾಕೋದು, ನಮ್ಮ ಗುಡ್ಡ ಕಣಿವೆ ಅವಕ್ಕೆ ಸರಿಯಾಗಿ ಕಾಣೋದೇ ಇಲ್ಲ.

ನಮಗೆ ಅದು ಎಷ್ಟು ಜೋರು ಅನ್ನೋದಕ್ಕಿಂತ ದಡ ಹತ್ತಿದ್ಮೇಲೆ ಎಲ್ಲಿಗೆ ಹೋಗ್ತದೆ ಅನ್ನೋದು ಮುಖ್ಯ. ಆಂಧ್ರದ ಮೇಲ್ಗಡೆಗೋ ಒಡಿಶಾಕ್ಕೋ ಹೋದ್ರೆ ಮಲ್ನಾಡಿಗೆ ಹೆಚ್ಚಂದ್ರೆ ಮೋಡ, ನಾಕು ಹನಿ. ತಮಿಳ್ನಾಡಿನ ಉತ್ತರ ಭಾಗಕ್ಕೆ ಬಂದು ಒಳಗೆ ನುಗ್ಗಿ ಪಶ್ಚಿಮಕ್ಕೆ ನಡ್ಕೊಂಡು ಬಂದ್ರೆ ಆಗ ನಮಗೆ ಬಿಸಿ ಮುಟ್ತದೆ. 2024ರ ಫೆಂಗಲ್ ನೆನಪಿದ್ಯಲ್ಲ? ಸೈಕ್ಲೋನ್ ಆಗ್ತದೆ ಅಂದ್ರು, ಆಮೇಲೆ ಇಲ್ಲ ಶಕ್ತಿ ಕಳ್ಕೊಳ್ತದೆ ಅಂದ್ರು, ನವೆಂಬರ್ 29ಕ್ಕೆ ಸೈಕ್ಲೋನ್ ಆಗೇ ಬಿಡ್ತು, 30ರ ರಾತ್ರಿ ಪುದುಚೇರಿ ಹತ್ರ ದಡ ಹತ್ತಿ ಗಂಟೆಗಟ್ಟಲೆ ಅಲ್ಲೇ ನಿಂತು ಒಂದೇ ದಿನಕ್ಕೆ 45 ಸೆಂ.ಮೀ.ಗೂ ಜಾಸ್ತಿ ಸುರೀತು. ಆಮೇಲೆ ಅದ್ರ ಪಳೆಯುಳಿಕೆ ನಮ್ಮ ರಾಜ್ಯದ ಮೇಲೆ ಹಾದು ಅರಬ್ಬಿ ಸಮುದ್ರಕ್ಕೆ ಹೋಯ್ತು, ಡಿಸೆಂಬರ್ ಮೊದ್ಲ ವಾರದಲ್ಲಿ ಮೈಸೂರು, ಕೊಡಗು, ಕರಾವಳಿ ಎಲ್ಲಾ ಒದ್ದೆ. ಅರಬ್ಬಿ ಸಮುದ್ರದಲ್ಲೇ ಹುಟ್ಟೋ ಕೇಸ್ ಬೇರೆ, 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಆಯ್ತಲ್ಲ, 2007ರ ಗೋನು ಆದ್ಮೇಲೆ ಅಲ್ಲಿ ಆಗಿದ್ದ ಸೂಪರ್ ಸೈಕ್ಲೋನ್ ಅದು, ಒಮಾನ್ ಕಡೆ ಮುಖ ಮಾಡಿ ಹೋದ್ರೂ ಹೋಗೋಕೆ ಮುಂಚೆ ನಮ್ಮ ಕರಾವಳಿಯನ್ನ ತೋಯಿಸೇ ಹೋಯ್ತು.

ಸೋಮವಾರದ ನಿರ್ಧಾರ ಇವತ್ತೇ ಮಾಡ್ಬೇಡಿ. ಬೆಳಿಗ್ಗೆ 5.30ರ ಅಳತೆ ಹಿಡ್ದು ಮಾಡೋ ಲೆಕ್ಕ ಮಧ್ಯಾಹ್ನದ ಹೊತ್ತಿಗೆ ಬರ್ತದೆ, ಶನಿವಾರದ್ದು ಭಾನುವಾರದ್ದು ಎರಡೂ ನೋಡಿ. ಎರಡು ಮಾಡೆಲ್ಲೂ ಒಂದೇ ಊರಿನ ಹತ್ರ ದಡ ತೋರಿಸಿ, ಮಾರನೇ ದಿನವೂ ಅಲ್ಲೇ ತೋರಿಸಿದ್ರೆ ಆಗ ನಂಬ್ಬಹುದು.

ಗಡಿಯಾರ ಹಳೇದು (ಕೊಪ್ಪ)

ಹವಾಮಾನದವ್ರು ಮಳೆ ಅಂದ್ರೆ ಧೈರ್ಯವಾಗಿ ಅಡಿಕೆ ಹರಡಿ ಸ್ವಾಮಿ. ನಮ್ಮಪ್ಪ ಯಾವ ಆ್ಯಪೂ ನೋಡ್ದೆ ಅರವತ್ತು ಕೊಯ್ಲು ಮುಗಿಸಿದ್ರು. ಈಗ ಸ್ವಾತಿ ಮಳೆ ನಡೀತಿದೆ, ಬರೋದಿದ್ರೆ ಸಂಜೆ ಗುಡುಗಿ ಬರ್ತದೆ, ಹೋಗ್ತದೆ. ಇರುವೆ ಸಾಲು ನೋಡಿ ಸಾಕು.

ಕುಂದಾದ್ರಿ ಕೆಳಗೆ

ಇರುವೆ ನೋಡ್ಕೊಂಡು ಕೂತ್ರೆ 2021ರ ನವೆಂಬರ್ ಎಂತ ಮಾಡ್ತಿದ್ರಿ ಅಣ್ಣ? ತಿಂಗಳು ಪೂರ್ತಿ ಬಿಡ್ದೆ ಹೊಡೀತಲ್ಲ, ಕಾಫಿಯವ್ರದ್ದು ಹಣ್ಣು ಗಿಡದಲ್ಲೇ ಒಡ್ದು ಉದುರ್ತು, ಅಡಿಕೆಯವ್ರು ಅಂಗಳ ಬಿಟ್ಟು ಹಾಲ್‌ನಲ್ಲಿ ಫ್ಯಾನ್ ಹಾಕಿ ಒಣಗಿಸಿದ್ರು.

ಇದ್ರ ಮಧ್ಯೆ ನಂದೊಂದು ಪ್ರಶ್ನೆ. ಬುಧವಾರ ಅಪ್ಪನ್ನ ಚೆಕಪ್‌ಗೆ ಮಣಿಪಾಲಕ್ಕೆ ಕರ್ಕೊಂಡು ಹೋಗ್ಬೇಕು. ಆಗುಂಬೆ ಘಾಟಿಲಿ ಹೋಗ್ಲಾ, ಹುಲಿಕಲ್ ಸುತ್ತಿ ಹೋಗ್ಲಾ?

ಮಳೆಲೆಕ್ಕ (ಶಿವಮೊಗ್ಗ)

ಆಗೋದಾದ್ರೆ ಮಂಗಳವಾರನೇ ಇಳ್ದು ಬಿಡಿ, ಎರಡು ಘಾಟಿಲೂ ಗಾಳಿಗೆ ಮರ ಬಿದ್ರೆ ಕಥೆ ಒಂದೇ. ಮುಂದಕ್ಕೆ ಹಾಕಕ್ಕಾಗಲ್ಲ ಅಂದ್ರೆ ಬೆಳಕಿದ್ದಾಗ ಹೋಗಿ.

ಕೊಪ್ಪದ ಹಿರಿಯರಿಗೆ, ಸ್ವಾತಿ ಮಳೆ ಲೆಕ್ಕ ನಾನು ಬೇಡ ಅನ್ನಲ್ಲ, ಈ ಸಮಯದಲ್ಲಿ ಪೂರ್ವದಿಂದ ಗಾಳಿ ಬಂದು ಸಂಜೆ ಗುಡುಗಿ ಬೀಳೋದು ವಾಡಿಕೆನೇ, ಅದು ಒಂದೆರಡು ಗಂಟೆ ಆಟ. ಆದ್ರೆ ಕುಸಿತದ ಮಳೆ ಸಂಜೆ ಬೆಳಿಗ್ಗೆ ಅಂತ ನೋಡಲ್ಲ. ಮಳೆ ಬರ್ದೇ ಇದ್ರೂ ಎರಡ್ಮೂರು ದಿನ ಮೋಡ ಕವ್ಕೊಂಡಿರ್ತದೆ, ಅಡಿಕೆಯವ್ರಿಗೆ ಅದೇ ಸಾಕಲ್ಲ. ಆ್ಯಪಲ್ಲಿ ಎಲ್ರೂ ಮಿ.ಮೀ. ನೋಡ್ತಾರೆ, ಮೋಡ ಮತ್ತೆ ತೇವಾಂಶ ಯಾರೂ ನೋಡಲ್ಲ.

ಸಾಗರದಕ್ಕ

ತಮ್ಮ, ಮಳೆ ಯಾವಾಗ ಬರ್ತದೆ ಅನ್ನೋದು ಅವ್ರು ಹೇಳ್ತಾರೆ, ಅಂಗಳದ ವಿಷ್ಯ ನಾನು ಹೇಳ್ತೀನಿ.

ಒಣಗಿರೋ ಪಾಲನ್ನ ನಾಳೆ ಸಂಜೆ ಒಳಗೆ ತಗೊಳ್ಳಿ. ಮಧ್ಯಾಹ್ನ ಬಿಸಿಲಲ್ಲಿ ಕಾದಿದ್ದನ್ನ ಹಾಗೇ ಚೀಲಕ್ಕೆ ತುಂಬ್ಬೇಡಿ, ಚೀಲದೊಳಗೆ ಬೆವರ್ತದೆ, ನೆರಳಲ್ಲಿ ಹರಡಿ ಪೂರ್ತಿ ಆರಿದ್ಮೇಲೆ ಕಟ್ಟಿ, ನೆಲದ ಮೇಲೆ ಇಡ್ಬೇಡಿ, ಹಲಗೆ ಹಾಕಿ.

ಹಸಿ ಪಾಲಿನ ಮೇಲೆ ಟಾರ್ಪಾಲ್ ಮುಚ್ಚೋದೇ ದೊಡ್ಡ ಕಿತಾಪತಿ. ಎಲ್ರೂ ಮಾಡೋದು ಅದೇ, ಮೋಡ ಕಂಡ ತಕ್ಷಣ ಎಳ್ದು ಮೈಮೇಲೆ ಹಾಕೋದು, ರಾತ್ರಿಯಿಡೀ ಒಳಗೆ ಹಬೆ ಆಡಿ ಬೆಳಿಗ್ಗೆ ಎತ್ತಿದ್ರೆ ಟಾರ್ಪಾಲಿನ ಒಳಮೈಯೆಲ್ಲ ನೀರು, ಅಡಿಕೆ ಮೇಲೆ ಬೆಳ್ಳಗೆ ಪುಡಿ ಎದ್ದಿರ್ತದೆ. ಗಳ ಕಟ್ಟಿ ಸೊಂಟದೆತ್ತರಕ್ಕೆ ಚಪ್ಪರದ ಹಾಗೆ ಮಾಡಿ, ಎರಡು ಬದಿ ಗಾಳಿ ಆಡೋ ಹಾಗೆ ಬಿಡಿ, ಒಂದು ಕಡೆ ಇಳಿಜಾರು ಇರ್ಲಿ, ನೀರು ನಿಂತ್ರೆ ಗಳ ಮುರ್ದು ಎಲ್ಲಾ ಅಡಿಕೆ ಮೇಲೇ ಬೀಳ್ತದೆ. ಅಟ್ಟ ಇದ್ರೆ ಮೇಲೆ ಹಾಕಿ ಕೆಳಗೆ ಸಣ್ಣ ಬೆಂಕಿ ಇಡಿ, ಒಣ ಸೌದೆನೇ ಹಾಕಿ. ಹಸಿ ಸೌದೆ ಹೊಗೆ ಕುಡಿದ ಅಡಿಕೆನ ಮಂಡಿಲಿ ಮೂಸಿ ನೋಡೇ ಬದಿಗೆ ಸರಿಸ್ತಾರೆ.

ಇನ್ನು ಕೊನೆ ಇಳಿಸೋದು. ಎರಡು ತೋಟವೂ ಒಂದೇ ಸಲ ಯಾಕೆ? ಹಣ್ಣಾಗೋಕೆ ಬಂದಿರೋದು ಮೇಲಿನದ್ದು ಅಂದ್ರಲ್ಲ, ಅದೊಂದೇ ಇಳಿಸಿ, ಕೆಳಗಿನದ್ದು ಎಳೇದಿದ್ರೆ ಹದಿನೈದು ದಿನಕ್ಕೆ ಎಂತದೂ ಆಗಲ್ಲ. ನಿಮ್ಮ ಶೆಡ್ಡಿಗೆ ಎಷ್ಟು ಹಿಡೀತದೋ ಅಷ್ಟೇ ಸುಲೀರಿ. ಸುಲಿದೇ ಇರೋ ಕೊನೆ ಜಗಲಿಲಿ ತೆಳ್ಳಗೆ ಹರಡಿದ್ರೆ ಒಂದೆರಡು ದಿನ ಸುಮ್ನಿರ್ತದೆ, ರಾಶಿ ಹಾಕಿದ್ರೆ ಕಾವು ಬರ್ತದೆ. ಸುಲಿದದ್ದು ಮಾತ್ರ ಕಾಯಲ್ಲ, ಆವತ್ತೇ ಹಂಡೆಗೆ ಬೀಳ್ಬೇಕು.

ಹೊಸನಗರ ಹುಡ್ಗ

ಎಲ್ರೂ ಅಡಿಕೆ ಅಡಿಕೆ ಅಂತೀರಿ, ಗದ್ದೆ ಇರೋರ ಗತಿ ಏನು? ಭತ್ತ ತೆನೆ ತುಂಬಿ ಬಗ್ಗಿ ನಿಂತಿದೆ, ಮಳೆಗಿಂತ ನಂಗೆ ಗಾಳಿ ಹೆದ್ರಿಕೆ, ಒಂದು ಸಲ ಮಲಗಿದ್ರೆ ಎದ್ದೇಳಲ್ಲ. ನಾನಂತೂ ನಾಳೆ ಕಂಟ (ಗದ್ದೆ ಬದು) ಕಡ್ದು ಗದ್ದೆ ನೀರೆಲ್ಲ ಇಳಿಸ್ತೀನಿ, ಬುಡ ಗಟ್ಟಿಯಾದ್ರೆ ಸ್ವಲ್ಪ ತಡೀತದೆ. ಕೊಯ್ಯೋಕೆ ಬಂದ ಗದ್ದೆ ಇರೋರು ಕೊಯ್ದು ಅಲ್ಲೇ ಹರಡಿ ಬರ್ಬೇಡಿ, ಒದ್ದೆ ನೆಲದಲ್ಲಿ ಬಿದ್ದ ಭತ್ತ ಅಲ್ಲೇ ಮೊಳಕೆ ಹೊಡೀತದೆ.

ಕರೆಂಟಿನ ವಿಷ್ಯ ಕೇಳ್ಲೇ ಬೇಡಿ. ನಮ್ಮ ಲೈನ್ ಕಾಡಲ್ಲಿ ಬರೋದು, ಮೋಡ ಕಂಡ್ರೇ ಹೋಗ್ತದೆ. ಪವರ್‌ಬ್ಯಾಂಕ್ ಚಾರ್ಜ್ ಮಾಡ್ಕೊಳಿ, ಇಲ್ಲಾಂದ್ರೆ ಆ್ಯಪೂ ಇಲ್ಲ ಇರುವೆನೂ ಇಲ್ಲ.

ಮಳೆಲೆಕ್ಕ (ಶಿವಮೊಗ್ಗ), ಭಾನುವಾರ ಮಧ್ಯಾಹ್ನ

ಅಪ್‌ಡೇಟ್. ಈಗ ಕೇಂದ್ರ ಅಂತ ಒಂದು ಆಗಿದೆ. ನಿನ್ನೆ ಇವತ್ತು ಎರಡು ದಿನವೂ ಯುರೋಪಿನ ಮಾಡೆಲ್ ತಮಿಳ್ನಾಡಿನ ಉತ್ತರ ಕರಾವಳಿ ತೋರಿಸಿದೆ. ಜಿಎಫ್‌ಎಸ್ ಮೊನ್ನೆವರೆಗೆ ಆಂಧ್ರ ಅಂತಿದ್ದಿದ್ದು ಇವತ್ತು ಕೆಳಗೆ ಇಳ್ದಿದೆ. ಅಂದ್ರೆ ನಮಗೆ ಮಳೆ ತರೋ ದಾರಿಯೇ ಜಾಸ್ತಿ ಕಾಣ್ತಿದೆ. ಆದ್ರೆ ನಿಧಾನ ಆಗಿದೆ, ಮಲ್ನಾಡಿಗೆ ಬುಧವಾರ ಅಲ್ಲ, ಗುರುವಾರ ಮಧ್ಯಾಹ್ನದ ಮೇಲೆ. ಹವಾಮಾನ ಇಲಾಖೆ ಶಿವಮೊಗ್ಗ ಚಿಕ್ಕಮಗಳೂರಿಗೆ ಗುರುವಾರಕ್ಕೆ ಯೆಲ್ಲೋ ಅಲರ್ಟ್ ಕೊಟ್ಟಿದೆ. ಯೆಲ್ಲೋ ಅಂದ್ರೆ ಸಾಮಾನ್ಯವಾಗಿ 24 ಗಂಟೆಲಿ ಕೆಲವು ಕಡೆ 64.5ರಿಂದ 115.5 ಮಿ.ಮೀ. ಬೀಳ್ಬಹುದು ಅಂತ, ನಿಮ್ಮ ಅಂಗಳದಲ್ಲೇ ಬೀಳ್ತದೆ ಅಂತಲ್ಲ. ದಡ ಹತ್ತಿ ಅಲ್ಲೇ ನಿಂತ್ರೆ ಇನ್ನೂ ಒಂದು ದಿನ ಮುಂದೆ ಹೋಗ್ತದೆ. ಅಲ್ಲಿವರೆಗೆ ಸೋಮವಾರ ಮಂಗಳವಾರ ಬಿಸಿಲಿದೆ, ಬುಧವಾರ ಅರ್ಧ ಮೋಡ.

ತೋಟದಮನೆ (ತೀರ್ಥಹಳ್ಳಿ), ಭಾನುವಾರ ರಾತ್ರಿ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಕ್ಕ ಹೇಳಿದ ಹಾಗೇ ಮಾಡೋದು ಅಂತ ಆಯ್ತು, ಸೋಮವಾರ ಮೇಲಿನ ತೋಟ ಮಾತ್ರ. ಹಸಿ ಪಾಲು ಮೂರು ದಿನದ ಬಿಸಿಲಲ್ಲಿ ಸುಮಾರಿಗೆ ಹದಕ್ಕೆ ಬಂದಿದೆ, ಇನ್ನೆರಡು ದಿನ ಸಿಕ್ಕಿದ್ರೆ ಅದನ್ನ ಶೆಡ್ ಮೂಲೆಗೆ ತಳ್ಳಿ ಹೊಸದಕ್ಕೆ ಜಾಗ ಮಾಡ್ಬಹುದು. ಕೊನೆಗೌಡನಿಗೆ ಒಂದೇ ದಿನ ಸಾಕು ಅಂದಿದ್ದಕ್ಕೆ ಬರೋದಾದ್ರೆ ಎರಡೂ ದಿನದ ಸಂಬಳ ಕೊಡಿ ಅಂತಿದಾನೆ, ಅದೂ ನ್ಯಾಯನೇ, ಮಂಗಳವಾರ ಅವ್ನು ಬೇರೆ ಯಾರಿಗೂ ಒಪ್ಕೊಂಡಿಲ್ಲ. ಮಂಗಳವಾರ ಚಪ್ಪರ ಕಟ್ಟೋಕೆ ಬಾ ಮಾರಾಯ ಅಂದೆ, ನೋಡ್ತೀನಿ ಅಂದ.

ಅಮ್ಮ ಮಾತ್ರ ಎಲ್ಲಾ ಇಳಿಸ್ಬಿಡು, ಬಂದಾಗ ನೋಡ್ಕೊಳ್ಳೋಣ ಅಂತ ಒಂದೇ ಹಟ.

ಅಕ್ಕ, ಟಾರ್ಪಾಲ್ ದಪ್ಪದ್ದು ತಗೊಳ್ಲಾ, ನೀಲಿ ಬಣ್ಣದ್ದು ತೆಳ್ಳಂದೇ ಸಾಕಾ?

ಸಾಗರದಕ್ಕ

ನೀಲಿದು ಒಂದು ಗಾಳಿಗೆ ಚಿಂದಿ. ದಪ್ಪದ್ದೇ ತಗೊಳ್ಳಿ, ಅಂಚಿಗೆ ಕಣ್ಣು ಹೊಡ್ದಿರೋದು, ಹಗ್ಗ ಕಟ್ಟಕ್ಕೆ ಬರ್ತದೆ. ನಾಳೆ ಬೆಳಿಗ್ಗೆನೇ ಪೇಟೆಗೆ ಹೋಗಿ, ಯೆಲ್ಲೋ ಅಲರ್ಟ್ ಪೇಪರಲ್ಲಿ ಬಂದ್ಮೇಲೆ ಅಂಗಡಿಲಿ ಉಳಿಯಲ್ಲ. ಅಮ್ಮನಿಗೆ ಕೆಳಗಿನ ತೋಟದ ಒಂದೆರಡು ಕಾಯಿ ಒಡ್ದು ತೋರಿಸಿ, ಎಳೇದು ಅಂತ ಕಣ್ಣಲ್ಲಿ ಕಂಡ್ರೆ ಅವ್ರೇ ಸುಮ್ನಾಗ್ತಾರೆ.

ಮಳೆಲೆಕ್ಕ (ಶಿವಮೊಗ್ಗ)

ಮಂಗಳವಾರ ಮಧ್ಯಾಹ್ನದ ಲೆಕ್ಕ ಬಂದ ತಕ್ಷಣ ಇಲ್ಲೇ ಹಾಕ್ತೀನಿ. ಮಣಿಪಾಲಕ್ಕೆ ಹೋಗೋರು ಬುಧವಾರ ಹೋಗ್ಬಹುದು ಈಗ, ವಾಪಸ್ ಮಾತ್ರ ಆವತ್ತೇ ಬಂದ್ಬಿಡಿ.